ಅಂಕಪಟ್ಟಿಯ ಪೂರ್ವೋತ್ತರ

1823ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬಾತನು, ಗವರ್ನರ್ ಮನ್ರೋವಿನ ಅಪೇಕ್ಷೆಯಂತೆ ತನ್ನ ಜಿಲ್ಲೆಯ ಪಾಠಶಾಲೆಗಳ ಸ್ಥಿತಿಗತಿಗಳನ್ನು ವಿಚಾರಿಸಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿಯನ್ನು ಕಳುಹಿಸಿದನು. 533 ಶಾಲೆಗಳು, 6,641 ವಿದ್ಯಾರ್ಥಿಗಳು ಎಂಬ ಒಣ ಲೆಕ್ಕದ ನಡುವೆ ಆತ ಒಂದು ಸ್ವಾರಸ್ಯವಾದ ಪದ್ಧತಿಯನ್ನೂ ವರ್ಣಿಸಿದ್ದಾನೆ. ಬೆಳಗಿನ ಆರು ಗಂಟೆಗೆ ಶಾಲೆ ತೊಡಗುವುದು, ಎಲ್ಲರಿಗಿಂತ ಮೊದಲು ಬಂದು ಸೇರಿದ ಹುಡುಗನ ಅಂಗೈಯ ಮೇಲೆ ಐಗಳು ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುವರು, ಎರಡನೆಯವನ ಅಂಗೈಗೆ, ಅವನು ಸ್ತುತಿಗೂ ಪಾತ್ರನಲ್ಲ ನಿಂದೆಗೂ ಪಾತ್ರನಲ್ಲ ಎಂಬುದರ ಗುರುತಾಗಿ, ಒಂದು ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಛಡಿಯೇಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಏಟು ಹೆಚ್ಚು.

ಇದನ್ನು ಓದಿ ನಕ್ಕು ಪುಟ ತಿರುವುವುದು ಸುಲಭ. ಆದರೆ ಕೊಂಚ ನಿಂತು ನೋಡಿದರೆ, ಕನ್ನಡ ನಾಡಿನ ಕೂಲಿಮಠಗಳಲ್ಲಿ ಅಂಕ ನೀಡಿಕೆಯ ಒಂದು ಪರಿಪೂರ್ಣವಾದ ಶ್ರೇಣಿ ಆಗಲೇ ಬಳಕೆಯಲ್ಲಿತ್ತೆಂಬುದು ತಿಳಿಯುತ್ತದೆ. ಇಲ್ಲಿ ಸೊನ್ನೆಯೆಂಬುದು ಅವಮಾನವಲ್ಲ, ಮಧ್ಯಸ್ಥಾನ; ಸಂಖ್ಯೆ ಏರಿದಷ್ಟೂ ದುರ್ದೆಸೆ; ಅತ್ಯುತ್ತಮನಾದವನಿಗೆ ಸಂಖ್ಯೆಯೇ ಇಲ್ಲ, ಅಕ್ಷರ ಮಾತ್ರ. ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಈ ಅಂಕಗಳು ಹುಡುಗನಿಗೆ ಮಗ್ಗಿ ಎಷ್ಟು ಬರುತ್ತದೆ, ಅಮರಕೋಶ ಎಷ್ಟು ಕಂಠಸ್ಥವಾಗಿದೆ ಎಂಬುದನ್ನು ಸ್ವಲ್ಪವೂ ಹೇಳುವುದಿಲ್ಲ. ಯಾರಿಗಿಂತ ಯಾರು ಮುಂದೆ ಎಂಬುದನ್ನಷ್ಟೇ ಹೇಳುತ್ತವೆ. ಈ ಕಡೆಯ ಲಕ್ಷಣವು ಬಳ್ಳಾರಿಯ ಐಗಳ ಸ್ವತ್ತು ಮಾತ್ರವಲ್ಲವೆಂದೂ, ಪ್ರಪಂಚದ ಅಂಕಪದ್ಧತಿಗಳಲ್ಲಿ ಹೆಸರುವಾಸಿಯಾದವುಗಳ ಜನ್ಮದಲ್ಲಿಯೇ ಅದು ಸೇರಿದ್ದಿತೆಂದೂ, ಒಂದೊಂದು ದೇಶದ ಅಂಕವು ಒಂದೊಂದು ಬಗೆಯಾಗಿರುವುದಕ್ಕೆ ಕಾರಣವನ್ನು ಅಲ್ಲಿಯೇ ಹುಡುಕಬೇಕೆಂದೂ ನನ್ನ ಅಭಿಪ್ರಾಯ.

ಬಗೆಗಳಿಗೇನೂ ಕೊರತೆಯಿಲ್ಲ. ಜರ್ಮನಿಗೂ ಪೋಲೆಂಡಿಗೂ ನಡುವೆ ಹರಿಯುವ ನೈಸೆ ನದಿಯ ಈಚೆ ದಡದಲ್ಲಿ ಗ್ಯೋರ್ಲಿಟ್ಸ್, ಆಚೆ ದಡದಲ್ಲಿ ಜ್ಗೋಜೆಲೆತ್ಸ್ ಎಂದು ಒಂದೇ ಊರು ಎರಡಾಗಿ ನಿಂತಿದೆ. ಈಚೆಯ ಶಾಲೆಯಲ್ಲಿ 1 ಪಡೆದ ಮಗುವಿಗೆ ಮನೆಯಲ್ಲಿ ಮಿಠಾಯಿ, 6 ಪಡೆದವನಿಗೆ ಬೈಗುಳ. ಸೇತುವೆ ದಾಟಿದೊಡನೆ 6 ಪಡೆದವನಿಗೆ ಮಿಠಾಯಿ, 1 ಪಡೆದವನಿಗೆ ಬೈಗುಳ. ಸ್ವಿಟ್ಸರ್ಲೆಂಡಿನಲ್ಲಿಯೂ 6 ಶ್ರೇಷ್ಠ, 1 ಕನಿಷ್ಠ. ನೆರೆಯ ಆಸ್ಟ್ರಿಯದಲ್ಲಿ 1 ಶ್ರೇಷ್ಠ, 5 ಅನುತ್ತೀರ್ಣ. ಫಿನ್ಲೆಂಡಿನ ಶಾಲೆಗಳಲ್ಲಿ ಅಂಕಗಳು 4ರಿಂದ ಮೊದಲಾಗಿ 10ಕ್ಕೆ ಮುಗಿಯುತ್ತವೆ. 4 ಎಂದರೆ ನಪಾಸು, ಅದರ ಕೆಳಗಿನ ಸಂಖ್ಯೆಗಳು ಯಾರಿಗೂ ಬೇಡ. ಐನ್‌ಸ್ಟೈನನು ಬಾಲ್ಯದಲ್ಲಿ ಗಣಿತದಲ್ಲಿ ನಪಾಸಾಗಿದ್ದನೆಂದು ನಮ್ಮ ಹುಡುಗರು ತಮ್ಮ ಸಮಾಧಾನಕ್ಕಾಗಿ ಹೇಳಿಕೊಳ್ಳುವ ಕಥೆಗೆ ಈ ಗೊಂದಲವೂ ಒಂದು ಕಾರಣವೆಂದು ಹೇಳುವುದುಂಟು. 1896ರಲ್ಲಿ ಸ್ವಿಟ್ಸರ್ಲೆಂಡಿನ ಆರೌ ಶಾಲೆಯಿಂದ ಅವನು ಪಡೆದ ಪ್ರಮಾಣಪತ್ರದಲ್ಲಿ ಬೀಜಗಣಿತಕ್ಕೆ 6, ರೇಖಾಗಣಿತಕ್ಕೆ 6, ಭೌತಶಾಸ್ತ್ರಕ್ಕೆ 6 ಎಂದಿದೆ. ಅಲ್ಲಿನ ಲೆಕ್ಕದಲ್ಲಿ ಅದಕ್ಕಿಂತ ಮೇಲಿನ ಅಂಕವಿಲ್ಲ, ಜರ್ಮನಿಯ ಕಣ್ಣಿಗೆ ಅದಕ್ಕಿಂತ ಕೀಳಾದುದಿಲ್ಲ. ದಶಮಾಂಶದ ತೂಕಗಳು ಬರುವುದಕ್ಕೆ ಮುಂಚೆ ನಮ್ಮಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗುತ್ತಿರಲಿಲ್ಲ. ಸಂತೆಗೆ ಹೋದವನು ಧಾರಣೆಯನ್ನು ಕೇಳುವ ಮೊದಲು ಅಳೆಯುವ ಸೇರು ಯಾವುದೆಂದು ಕೇಳಬೇಕಾಗುತ್ತಿತ್ತು. ಅಂಕಗಳ ಪ್ರಪಂಚವು ಇಂದಿಗೂ ಆ ಸಂತೆಯೇ ಆಗಿದೆ.

ಪರೀಕ್ಷೆಯ ಇತಿಹಾಸವನ್ನು ಬರೆಯುವವರೆಲ್ಲ ಚೀನಕ್ಕೆ ಮೊದಲ ನಮಸ್ಕಾರವನ್ನು ಸಲ್ಲಿಸುತ್ತಾರೆ. ಸಾಮ್ರಾಜ್ಯದ ಅಧಿಕಾರಿಗಳನ್ನು ಆರಿಸುವುದಕ್ಕಾಗಿ ಸಹಸ್ರ ವರ್ಷಗಳಿಗೂ ಮಿಕ್ಕಿ ನಡೆದು 1905ರಲ್ಲಿ ನಿಂತುಹೋದ ಆ ಪರೀಕ್ಷೆಗಳಲ್ಲಿ, ಸುಂಗ್ ರಾಜರ ಕಾಲಕ್ಕಾಗಲೇ ಅಭ್ಯರ್ಥಿಯ ಹೆಸರನ್ನು ಕಾಗದ ಅಂಟಿಸಿ ಮುಚ್ಚುವ ಕ್ರಮವೂ, ಕೈಬರಹದ ಗುರುತು ಹತ್ತದಿರಲೆಂದು ಉತ್ತರಪತ್ರಿಕೆಯನ್ನು ಲಿಪಿಕಾರರಿಂದ ಪ್ರತಿಮಾಡಿಸಿ ಪರೀಕ್ಷಕರಿಗೆ ಕೊಡುವ ಕ್ರಮವೂ ಬಳಕೆಗೆ ಬಂದಿದ್ದವು. ಚಿಂಗ್ ವಂಶದ ಆಳ್ವಿಕೆಯಲ್ಲಿ ಅರಮನೆಯ ಅಂತಿಮ ಪರೀಕ್ಷೆಯ ಪತ್ರಿಕೆಗಳನ್ನು ಎಂಟು ಮಂದಿ ವಾಚಕರು ಓದಿ, ಪ್ರತಿಯೊಬ್ಬರೂ ಉಂಗುರ, ತ್ರಿಕೋನ, ಚುಕ್ಕೆ, ಗೆರೆ, ಕತ್ತರಿಗುರುತು ಎಂಬ ಐದು ಚಿಹ್ನೆಗಳಲ್ಲಿ ಒಂದನ್ನು ಹಾಕುತ್ತಿದ್ದರು. ಹೆಚ್ಚು ಉಂಗುರಗಳನ್ನು ಗಳಿಸಿದ ಹತ್ತು ಪತ್ರಿಕೆಗಳು ಚಕ್ರವರ್ತಿಯ ಸನ್ನಿಧಿಗೆ ಹೋಗುತ್ತಿದ್ದವು. ಉಂಗುರವಾಗಲಿ ಕತ್ತರಿಯಾಗಲಿ ಅಭ್ಯರ್ಥಿಯ ವಿದ್ವತ್ತಿನ ಪರಿಮಾಣವನ್ನು ತಿಳಿಸುವುದಕ್ಕೆ ಹುಟ್ಟಿದುದಲ್ಲ. ಇರುವ ಹುದ್ದೆಗಳು ಕೆಲವು, ಬಯಸುವವರು ಸಾವಿರಾರು, ಅವರನ್ನು ಸಾಲಾಗಿ ನಿಲ್ಲಿಸಬೇಕಾಗಿದ್ದಿತು, ಅಷ್ಟೆ.

ಸಾಲಿನಲ್ಲಿ ನಿಲ್ಲಿಸುವ ಈ ಕಲೆಯು ಪರಾಕಾಷ್ಠೆಯನ್ನು ಮುಟ್ಟಿದುದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ. ಮತ್ತು ನಮ್ಮ ಅಂಕಪಟ್ಟಿಯ ಅಜ್ಜನ ಮನೆ ಅದೇ ಆಗಿರುವುದರಿಂದ ಅಲ್ಲಿ ಕೊಂಚ ತಂಗುವುದು ಯುಕ್ತ. ಹದಿನೆಂಟನೆಯ ಶತಮಾನದ ಪ್ರಾರಂಭದಲ್ಲಿ ಅಲ್ಲಿನ ಪರೀಕ್ಷೆಯೆಂದರೆ ಲ್ಯಾಟಿನ್ ಭಾಷೆಯಲ್ಲಿ ನಡೆಯುವ ವಾಕ್ಯಾರ್ಥ; ಒಬ್ಬನು ಪಕ್ಷವನ್ನು ಹಿಡಿದರೆ ಉಳಿದವರು ಪ್ರತಿಪಕ್ಷವಾಗಿ ನಿಂತು ಖಂಡಿಸುವರು; ಶೃಂಗೇರಿಯ ಅಥವಾ ಮೈಸೂರಿನ ವಿದ್ವತ್ಸಭೆಯನ್ನು ಕಂಡವರಿಗೆ ಆ ನೋಟವು ಅಪರಿಚಿತವೆನಿಸುತ್ತಿರಲಿಲ್ಲ. ಗಣಿತಕ್ಕೆ ಪ್ರಾಧಾನ್ಯ ಬಂದ ಹಾಗೆಲ್ಲ ವಾದವು ಹಿಂದೆ ಸರಿದು ಬರವಣಿಗೆ ಮುಂದೆ ಬಂದಿತು; 1748ರ ಸುಮಾರಿಗೆ ಉತ್ತೀರ್ಣರ ಹೆಸರುಗಳನ್ನು ಯೋಗ್ಯತಾಕ್ರಮದಲ್ಲಿ ಅಚ್ಚುಹಾಕಿ ಪ್ರಕಟಿಸುವ ವಾಡಿಕೆಯೂ ಮೊದಲಾಯಿತು. ಮೊದಲ ವರ್ಗದವರು ರ‍್ಯಾಂಗ್ಲರುಗಳು, ಅವರಲ್ಲಿ ಅಗ್ರಗಣ್ಯನು ಸೀನಿಯರ್ ರ‍್ಯಾಂಗ್ಲರ್. ಅವರ ಕೆಳಗೆ ಸೀನಿಯರ್ ಆಪ್ಟಿಮೆ, ಜೂನಿಯರ್ ಆಪ್ಟಿಮೆ. ಪಟ್ಟಿಯ ಕಟ್ಟಕಡೆಯವನಿಗೆ ಸಹಪಾಠಿಗಳು ಪರಿಹಾಸ್ಯವಾಗಿ ಒಂದು ಮರದ ಸೌಟನ್ನು ಬಹುಮಾನವಾಗಿ ಕೊಡುತ್ತಿದ್ದರು. ಒಂದೊಂದು ಪ್ರಶ್ನೆಗೂ ಇಂತಿಷ್ಟೆಂದು ಅಂಕವಿಟ್ಟು ಕೂಡಬೇಕೆಂಬ ಸಲಹೆಯನ್ನು 1792ರಲ್ಲಿ ವಿಲಿಯಂ ಫಾರಿಷ್ ಎಂಬ ಅಧ್ಯಾಪಕನು ಕೊಟ್ಟನೆಂದು ಹೇಳುವುದು ರೂಢಿಯಾಗಿದೆ. ಅದರ ಯಶಸ್ಸನ್ನೋ ಅಪಯಶಸ್ಸನ್ನೋ ಅವನೊಬ್ಬನ ತಲೆಗೇ ಕಟ್ಟುವುದು ನ್ಯಾಯವಲ್ಲದಿರಬಹುದು.

ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಯು 1869ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪರೀಕ್ಷೆಯ ಎರಡು ವರ್ಷಗಳ ಅಂಕಗಳನ್ನು ಕೊಟ್ಟಿದ್ದಾನೆ. ಅವು ನಮ್ಮನ್ನು ಬೆರಗುಗೊಳಿಸುವಂತಿವೆ. ಪ್ರತಿವರ್ಷವೂ ಗಳಿಸಬಹುದಾಗಿದ್ದ ಒಟ್ಟು ಅಂಕಗಳು 17,000. ಅವೆರಡರಲ್ಲಿ ಹೆಚ್ಚು ಗಮನಾರ್ಹವಾದ ವರ್ಷದ ಸೀನಿಯರ್ ರ‍್ಯಾಂಗ್ಲರನು, ಎಂದರೆ ಇಡೀ ಸಾಮ್ರಾಜ್ಯದಲ್ಲಿಯೇ ಆ ವರ್ಷದ ಗಣಿತ ಶಿರೋಮಣಿಯೆನಿಸಿದವನು, ಪಡೆದ ಅಂಕ 7,634. ಅವನ ಬೆನ್ನಿಗಿದ್ದ ಎರಡನೆಯವನದು 4,123. ಗೌರವಪಟ್ಟಿಯ ಕೊನೆಯವನದು 237. ನೂರಕ್ಕೆ ಇಳಿಸಿ ಲೆಕ್ಕ ಹಾಕಿದರೆ ಶಿರೋಮಣಿಗೆ 45 ತುಂಬುವುದಿಲ್ಲ, ಎರಡನೆಯವನಿಗೆ 25 ಕೂಡ ಇಲ್ಲ, ಕಡೆಯವನಿಗೆ ಒಂದೂವರೆಗೂ ಕಡಮೆ. ನಮ್ಮ ಹಳ್ಳಿಯ ಹೈಸ್ಕೂಲಿನ ಮೇಷ್ಟರ ಕೈಗೆ ಈ ಪತ್ರಿಕೆಗಳು ಸಿಕ್ಕಿದ್ದರೆ ಅವರು ಎರಡನೆಯ ರ‍್ಯಾಂಗ್ಲರನನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುತ್ತಿದ್ದರು. ಆದರೆ ಕೇಂಬ್ರಿಜ್ಜಿನವರಿಗೆ ಇದರಲ್ಲಿ ಅಸಂಬದ್ಧವಾದುದೇನೂ ಕಾಣಲಿಲ್ಲ. ಏಕೆಂದರೆ ಅವರ ಪ್ರಶ್ನೆಪತ್ರಿಕೆಯು ಯಾರೂ ಪೂರ್ತಿ ಉತ್ತರಿಸಲಾರದಂತೆ ಬುದ್ಧಿಪೂರ್ವಕವಾಗಿ ರಚಿತವಾದದ್ದು. ಅಂಕವು ಒಬ್ಬನಿಂದ ಇನ್ನೊಬ್ಬನನ್ನು ಬೇರ್ಪಡಿಸಿದರೆ ಅದರ ಕೆಲಸ ಮುಗಿಯಿತು.

ಈ ಪಟ್ಟಿಯ ಮೋಹವು ಸಮುದ್ರವನ್ನು ದಾಟಿ ಬಂದಿತು. 1874ರಲ್ಲಿ ಆನಂದಮೋಹನ ಬೋಸರು ಮೊದಲನೆಯ ಭಾರತೀಯ ರ‍್ಯಾಂಗ್ಲರರಾದರು. 1899ರಲ್ಲಿ ರಘುನಾಥ ಪರಾಂಜಪೆಯವರು ಇನ್ನೊಬ್ಬನೊಡನೆ ಸಮಸ್ಥಾನದಲ್ಲಿ ಸೀನಿಯರ್ ರ‍್ಯಾಂಗ್ಲರರಾದಾಗ ಮುಂಬಯಿ ಪ್ರಾಂತವೆಲ್ಲ ಹಿಗ್ಗಿತು. ಅಂದಿನಿಂದ ಅವರ ಹೆಸರಿನ ಹಿಂದೆ ರ‍್ಯಾಂಗ್ಲರ್ ಎಂಬುದು ಮನೆತನದ ಹೆಸರಿನಂತೆ ಅಂಟಿಕೊಂಡಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಡಿ. ಸಿ. ಪಾವಟೆಯವರೂ ಕೇಂಬ್ರಿಜ್ಜಿನ ರ‍್ಯಾಂಗ್ಲರರೇ. ಆದರೆ ಅವರ ಕಾಲಕ್ಕೆ ಪಟ್ಟಿಯಲ್ಲಿ ಮೊದಲನೆಯವನು ಎರಡನೆಯವನು ಎಂಬ ಕ್ರಮವನ್ನು ಪ್ರಕಟಿಸುವುದು ನಿಂತುಹೋಗಿದ್ದಿತು; 1909ರ ಪಟ್ಟಿಯೇ ಕೊನೆಯದು. ಅದಕ್ಕೆ ಮುನ್ನ, 1890ರಲ್ಲಿ, ಫಿಲಿಪ್ಪ ಫಾಸೆಟ್ ಎಂಬ ಯುವತಿಯು ಸೀನಿಯರ್ ರ‍್ಯಾಂಗ್ಲರನಿಗಿಂತಲೂ ಮೇಲಿನ ಅಂಕಗಳನ್ನು ಪಡೆದಿದ್ದಳು. ಹೆಂಗಸರಿಗೆ ಪದವಿಯೇ ಇಲ್ಲದಿದ್ದ ಆ ದಿನಗಳಲ್ಲಿ ಅವಳ ಸ್ಥಾನವನ್ನು ಸೀನಿಯರ್ ರ‍್ಯಾಂಗ್ಲರನ ಮೇಲೆ ಎಂದಷ್ಟೇ ಓದಿ ಹೇಳಿ, ಆ ಬಿರುದನ್ನು ಮಾತ್ರ ಗಂಡಸಿಗೇ ಕೊಟ್ಟರು. ಕೇಂಬ್ರಿಜ್ ತಾನು ಕೈಬಿಟ್ಟ ರ‍್ಯಾಂಕಿನ ಹುಚ್ಚನ್ನು ಮುಂದೆ ಎಷ್ಟೋ ದಶಕಗಳವರೆಗೆ ನಮ್ಮ ಬೆಂಗಳೂರು ಮೈಸೂರುಗಳು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದುದನ್ನು, ಫಲಿತಾಂಶದ ದಿನದ ವೃತ್ತಪತ್ರಿಕೆಗಳ ಮುಖಪುಟವನ್ನು ಕಂಡವರು ಬಲ್ಲರು.

ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ 1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಂತೆ ಪರೀಕ್ಷೆಯನ್ನು ನಡೆಸಿ ಪದವಿಯನ್ನು ಕೊಡುವ ಕಚೇರಿಗಳಾಗಿದ್ದವು. ಇದು ನೆನಪಿಡತಕ್ಕ ವಿಷಯ. ಗುರುವು ಬೇರೆ, ಅಂಕವನ್ನು ಕೊಡುವವನು ಬೇರೆ, ಮುಖಪರಿಚಯವಿಲ್ಲದ ಆ ಎರಡನೆಯವನ ಮಾತೇ ಅಂತಿಮ ಎಂಬ ಏರ್ಪಾಡು ನಮಗೆ ಎಷ್ಟು ಸಹಜವೆಂದು ತೋರುತ್ತದೆಯೋ ಜರ್ಮನಿಯವರಿಗೂ ಅಮೆರಿಕದವರಿಗೂ ಅಷ್ಟೇ ವಿಚಿತ್ರವಾಗಿ ತೋರುತ್ತದೆ. 1858ರಲ್ಲಿ ಕಲ್ಕತ್ತದಲ್ಲಿ ನಡೆದ ಮೊದಲನೆಯ ಬಿ.ಎ. ಪರೀಕ್ಷೆಯಲ್ಲಿ ಯಾವೊಬ್ಬನೂ ಎಲ್ಲ ವಿಷಯಗಳಲ್ಲಿಯೂ ಉತ್ತೀರ್ಣನಾಗಲಿಲ್ಲ. ಆರು ವಿಷಯಗಳಲ್ಲಿ ಐದನ್ನು ಗೆದ್ದು ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳಿಂದ ಸೋತಿದ್ದ ಇಬ್ಬರನ್ನು ವಿಶ್ವವಿದ್ಯಾನಿಲಯವು ವಿಶೇಷ ಕೃಪೆಯಿಂದ ಎರಡನೆಯ ದರ್ಜೆಯಲ್ಲಿ ದಡ ಹಾಯಿಸಿತು. ಅವರಲ್ಲಿ ಒಬ್ಬನು ಯದುನಾಥ ಬೋಸ್, ಇನ್ನೊಬ್ಬನು, ಮುಂದೆ ವಂದೇ ಮಾತರಂ ಗೀತವನ್ನು ರಚಿಸಿದ ಬಂಕಿಮಚಂದ್ರ ಚಟರ್ಜಿ. ಹೀಗೆ ಭಾರತದಲ್ಲಿ ಕೃಪಾಂಕವು ಪದವಿಯ ಅವಳಿ ಸೋದರ. ಅದನ್ನು ಇತ್ತೀಚಿನ ಕಾಲದ ಅವನತಿಯೆಂದು ದೂರುವ ಹಿರಿಯರು ಈ ಜಾತಕವನ್ನು ನೋಡಬೇಕು.

ಪಾಸಿನ ಗೆರೆಯು ನಮ್ಮಲ್ಲಿ ದೀರ್ಘಕಾಲ 35, ಉತ್ತರ ಹಿಂದೂಸ್ಥಾನದಲ್ಲಿ 33. ಇಂಗ್ಲೆಂಡಿನಲ್ಲಿ ಪಾಸಿಗೆ 65 ಬೇಕಾಗಿದ್ದಿತೆಂದೂ, ಭಾರತೀಯರ ಬುದ್ಧಿ ಅದರಲ್ಲಿ ಅರ್ಧವೆಂದು ಬಗೆದು ಆಳರಸರು ಅದನ್ನು ಇಬ್ಭಾಗ ಮಾಡಿದರೆಂದೂ ಒಂದು ಕಥೆ ಎಲ್ಲೆಡೆಯೂ ಸಂಚರಿಸುತ್ತಿದೆ. ರೋಷವನ್ನು ಹುಟ್ಟಿಸುವುದಕ್ಕೆ ಒಳ್ಳೆಯ ಕಥೆ. ಆದರೆ 17,000ಕ್ಕೆ 237 ಪಡೆದವನನ್ನು ಗೌರವಪಟ್ಟಿಗೆ ಸೇರಿಸಿಕೊಂಡ ನಾಡಿನಲ್ಲಿ 65 ಎಂಬ ಸಾರ್ವತ್ರಿಕ ನಿಯಮವೇ ಇರಲಿಲ್ಲವೆಂಬುದನ್ನು ಕಂಡಮೇಲೆ ಅದರಲ್ಲಿ ವಿಶ್ವಾಸವಿಡುವುದು ಕಷ್ಟ. ನಿಜವಾದ ವ್ಯತ್ಯಾಸವಿರುವುದು ಬೇರೆ ಕಡೆ. ಇಂಗ್ಲೆಂಡಿನಿಂದ ನಾವು ವರ್ಗಗಳನ್ನು ತಂದೆವು. 1807ರಿಂದ ಆಕ್ಸ್‌ಫರ್ಡಿನವರು ಗೌರವ ಪಡೆದವರನ್ನು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಆದರೆ ವರ್ಗವನ್ನು ನಿರ್ಣಯಿಸುವ ಪರೀಕ್ಷಕರ ವಿವೇಚನೆಯನ್ನು ತರಲಿಲ್ಲ. ಅದರ ಸ್ಥಾನದಲ್ಲಿ 35, 50, 60 ಎಂಬ ಗೆರೆಗಳನ್ನು ಎಳೆದೆವು. ಗೆರೆಯ ಈಚೆಗೆ ಒಂದಂಕ ಕಡಮೆಯಾಗಿ ನಿಂತವನು ಅಯೋಗ್ಯ, ಆಚೆಗೆ ಒಂದಂಕ ಹೆಚ್ಚಾಗಿ ನಿಂತವನು ಯೋಗ್ಯ. ಮುಲ್ಕಿ ಪರೀಕ್ಷೆ, ಲೋಯರ್ ಸೆಕೆಂಡರಿ, ಎಸ್‌ಎಸ್‌ಎಲ್‌ಸಿ ಎಂದು ನಾಡಿನ ಒಂದೊಂದು ಭಾಗದಲ್ಲಿ ಒಂದೊಂದು ಹೆಸರಿನಿಂದ ನಡೆದ ಪರೀಕ್ಷೆಗಳೆಲ್ಲ ಈ ಗೆರೆಯ ಮೇಲೆಯೇ ನಿಂತವು. ಇಂದು ಬ್ರಿಟನ್ನಿನಲ್ಲಿ 70 ಬಂದರೆ ಪ್ರಥಮ ವರ್ಗ, ಅಲ್ಲಿ 80 ಬರುವುದು ಅಪರೂಪ. ನಮ್ಮಲ್ಲಿ 625ಕ್ಕೆ 625 ಪಡೆಯುವ ಮಕ್ಕಳಿದ್ದಾರೆ. ಇದರಿಂದ ನಮ್ಮ ಮಕ್ಕಳು ಅಲ್ಲಿನವರಿಗಿಂತ ಬುದ್ಧಿವಂತರೆಂದಾಗಲಿ, ನಮ್ಮ ಪರೀಕ್ಷಕರು ಧಾರಾಳಿಗಳೆಂದಾಗಲಿ ಸಿದ್ಧಿಸುವುದಿಲ್ಲ. ಪ್ರಶ್ನೆಪತ್ರಿಕೆಗಳು ಎರಡು ಬೇರೆ ಬೇರೆ ಉದ್ದೇಶಗಳಿಂದ ರಚಿತವಾಗಿವೆಯೆಂದಷ್ಟೇ ಸಿದ್ಧಿಸುತ್ತದೆ.

ಫ್ರಾನ್ಸಿನ ಬಕಲೋರಿಯ ಪರೀಕ್ಷೆಯನ್ನು ನೆಪೋಲಿಯನ್ 1808ರಲ್ಲಿ ಸ್ಥಾಪಿಸಿದನು. ಮರುವರ್ಷ ಅದರಲ್ಲಿ ತೇರ್ಗಡೆಯಾದವರು 31 ಮಂದಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಕಾಲ ಅಲ್ಲಿನ ಪರೀಕ್ಷಕರು ಅಂಕಕ್ಕೆ ಬದಲಾಗಿ ಬಿಳಿ, ಕೆಂಪು, ಕರಿ ಗುಂಡುಗಳನ್ನು ಹಾಕಿ ತಮ್ಮ ಮತವನ್ನು ಸೂಚಿಸುತ್ತಿದ್ದರು. ಬಿಳಿಯದು ಸಮ್ಮತಿ, ಕರಿಯದು ತಿರಸ್ಕಾರ, ಕೆಂಪು ಇವೆರಡರ ನಡುವಣ ಔದಾಸೀನ್ಯ. 1890ರಲ್ಲಿ ಸೊನ್ನೆಯಿಂದ 20ರವರೆಗಿನ ಅಂಕಶ್ರೇಣಿಯು ಸ್ಥಿರವಾಯಿತು. 10 ಬಂದರೆ ಉತ್ತೀರ್ಣ, 12ಕ್ಕೆ ಪರವಾಗಿಲ್ಲ, 14ಕ್ಕೆ ಚೆನ್ನ, 16ಕ್ಕೆ ಬಹಳ ಚೆನ್ನ ಎಂದು ಪ್ರಮಾಣಪತ್ರದಲ್ಲಿ ಬರೆಯುವರು. 20 ದೇವರಿಗೆ ಮೀಸಲು ಎಂಬ ಚಾಟೂಕ್ತಿ ಅಲ್ಲಿನ ಅಧ್ಯಾಪಕರಲ್ಲಿದೆ. ದೇವರು ಪರೀಕ್ಷೆಗೆ ಕೂರುವ ಸಂಭವ ಕಡಮೆಯಾದುದರಿಂದ ಆ ಸ್ಥಾನವು ಬಹುಮಟ್ಟಿಗೆ ಖಾಲಿಯಾಗಿಯೇ ಉಳಿಯುತ್ತಿತ್ತು.

ರಷ್ಯದ ಚರಿತ್ರೆ ಇದಕ್ಕಿಂತ ನಾಟಕೀಯವಾದುದು. 1ರಿಂದ 5ರವರೆಗಿನ ಅಂಕಗಳನ್ನು ತ್ಸಾರನ ಸರಕಾರವು 1837ರಲ್ಲಿ ವಿಧಿಸಿತು; ಅಂಕವು ಮನುಷ್ಯರಲ್ಲಿ ಮೇಲುಕೀಳುಗಳನ್ನು ಕಲ್ಪಿಸುವ ಹಳೆಯ ಸಮಾಜದ ಸಾಧನವೆಂದು ಕ್ರಾಂತಿಕಾರರು 1918ರಲ್ಲಿ ಅದನ್ನು ಕಿತ್ತೊಗೆದರು; 1935ರಲ್ಲಿ ಉತ್ತಮ, ಮಧ್ಯಮ ಮೊದಲಾದ ಮಾತುಗಳ ರೂಪದಲ್ಲಿ ಅದು ಹಿಂಬಾಗಿಲಿನಿಂದ ಒಳಗೆ ಬಂದಿತು; 1944ರಲ್ಲಿ, ಮಹಾಯುದ್ಧವು ಇನ್ನೂ ನಡೆಯುತ್ತಿರುವಾಗಲೇ, ತ್ಸಾರನ ಕಾಲದ ಅಂಕಗಳೇ ಪುನಃ ಪಟ್ಟಕ್ಕೇರಿದವು. ಪ್ರಭುತ್ವವನ್ನು ಉರುಳಿಸಿದವರಿಂದಲೂ ಪ್ರೋಗ್ರೆಸ್ ಕಾರ್ಡನ್ನು ಉರುಳಿಸಲಾಗಲಿಲ್ಲ. ರೆಷೆತ್ನಿಕೋವ್ ಎಂಬ ಚಿತ್ರಕಾರನು 1952ರಲ್ಲಿ ಬರೆದ ಪ್ರಸಿದ್ಧ ಚಿತ್ರವೊಂದರಲ್ಲಿ, ಮತ್ತೆ 2 ಅಂಕವನ್ನು ತಂದ ಹುಡುಗನು ತಲೆತಗ್ಗಿಸಿ ಬಾಗಿಲ ಬಳಿ ನಿಂತಿದ್ದಾನೆ. ತಾಯಿಯ ಮುಖದಲ್ಲಿ ಖೇದ, ಅಕ್ಕನ ಮುಖದಲ್ಲಿ ಆಕ್ಷೇಪಣೆ. ಅಂಕದ ಅರ್ಥವರಿಯದ ನಾಯಿಯೊಂದೇ ಎಗರಿ ಎಗರಿ ಅವನನ್ನು ಮುದ್ದಿಸುತ್ತಿದೆ.

ಡೆನ್ಮಾರ್ಕಿನವರು 1963ರಿಂದ ನಡೆಸಿಕೊಂಡು ಬಂದ ಶ್ರೇಣಿಯಲ್ಲಿ 11 ಆದಮೇಲೆ 12 ಇಲ್ಲದೆ ನೇರವಾಗಿ 13 ಬರುತ್ತಿದ್ದಿತು. ಅಸಾಧಾರಣ ಸ್ವತಂತ್ರಪ್ರತಿಭೆಯನ್ನು ತೋರಿದವನಿಗೆ ಮಾತ್ರ ಅದು ಮೀಸಲು. ಈಗಿನದರಲ್ಲಿ ಶಿಖರವು 12, ತಳವು ಸೊನ್ನೆಗೂ ಕೆಳಗಿನ ಋಣ 3. ಪ್ರತಿಭೆಗೆಂದು ಬೇರೆಯಾಗಿ ತೆಗೆದಿಟ್ಟಿದ್ದ ಸ್ಥಾನವನ್ನು ಅನ್ಯದೇಶಗಳ ಲೆಕ್ಕಕ್ಕೆ ಹೊಂದಲೆಂದು ಅಳಿಸಿದುದು ನನಗೆ ನಷ್ಟವೆಂದೇ ತೋರುತ್ತದೆ.

ಅಮೆರಿಕದಲ್ಲಿ ಯೇಲ್ ಕಾಲೇಜಿನ ಅಧ್ಯಕ್ಷನಾಗಿದ್ದ ಎಜ್ರಾ ಸ್ಟೈಲ್ಸನು 1785ರ ತನ್ನ ದಿನಚರಿಯಲ್ಲಿ ವಿದ್ಯಾರ್ಥಿಗಳನ್ನು ಲ್ಯಾಟಿನ್ ಹೆಸರುಗಳುಳ್ಳ ನಾಲ್ಕು ಗುಂಪುಗಳಾಗಿ ವಿಂಗಡಿಸಿ ಬರೆದಿಟ್ಟಿದ್ದಾನೆ. ಇಂದು ಜಗತ್ತೆಲ್ಲ ಹಬ್ಬಿರುವ ಎ, ಬಿ, ಸಿ ಎಂಬ ಅಕ್ಷರಗಳು ಒಂದು ಪೂರ್ಣ ಪದ್ಧತಿಯಾಗಿ ಮೊದಲು ಗೋಚರಿಸುವುದು ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜಿನಲ್ಲಿ, 1897ರಲ್ಲಿ. ಅಲ್ಲಿ 95 ಮತ್ತು ಅದರ ಮೇಲೆ ಬಂದರೆ ಎ, 75ಕ್ಕಿಂತ ಕಡಮೆಯಾದರೆ ನಪಾಸು. ಅಕ್ಷರಗಳ ಹಿಂದಿದ್ದ ಅಂಕಗಳು ಎಷ್ಟು ನೆಚ್ಚತಕ್ಕವೆಂಬುದನ್ನು ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬಿಬ್ಬರು 1912ರಲ್ಲಿ ಪರೀಕ್ಷಿಸಿದರು. ಇಂಗ್ಲಿಷಿನ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ಅವರು ಅನೇಕ ಶಾಲೆಗಳ ಅಧ್ಯಾಪಕರಿಗೆ ಕಳುಹಿಸಿದಾಗ, ಒಬ್ಬರು ಅದಕ್ಕೆ 50 ಕೊಟ್ಟರೆ ಇನ್ನೊಬ್ಬರು 97 ಕೊಟ್ಟರು. ಭಾಷೆಯೆಂದಮೇಲೆ ಅಭಿರುಚಿಭೇದ ಸಹಜವೆಂದು ಆಕ್ಷೇಪಿಸಿದವರ ಬಾಯಿಯನ್ನು ಮುಚ್ಚಿಸುವುದಕ್ಕಾಗಿ ಮರುವರ್ಷ ರೇಖಾಗಣಿತದ ಪತ್ರಿಕೆಯನ್ನು ಕಳುಹಿಸಿದರು. ಅದಕ್ಕೆ ಬಂದ ಅಂಕಗಳು 28ರಿಂದ 95ರವರೆಗೆ ಹರಡಿದ್ದವು.

ನಮ್ಮಲ್ಲಿಯೂ ಈ ವಿಚಾರ ಯಾರಿಗೂ ಹೊಳೆಯದೆ ಇರಲಿಲ್ಲ. ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆಯನ್ನು ಮಾಡುವುದಾದರೆ ಅದು ಪರೀಕ್ಷೆಯ ಸುಧಾರಣೆಯಾಗಬೇಕೆಂದು ರಾಧಾಕೃಷ್ಣನ್ ಆಯೋಗವು 1949ರಲ್ಲಿ ಹೇಳಿತು. ಸಂಖ್ಯೆಗಳಿಗೆ ಬದಲಾಗಿ ಕೆಲವೇ ದರ್ಜೆಗಳ ಸಂಕೇತಗಳನ್ನು ಬಳಸುವುದು ಲೇಸೆಂದು ಮುದಲಿಯಾರ್ ಆಯೋಗವು 1953ರಲ್ಲಿ ಸಲಹೆ ಮಾಡಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಮೇಲೆ, 2009–10ರಲ್ಲಿ, ಕೇಂದ್ರೀಯ ಮಂಡಳಿಯಾದ ಸಿಬಿಎಸ್‌ಇ ಹತ್ತನೆಯ ತರಗತಿಗೆ ಗ್ರೇಡುಗಳನ್ನು ತಂದಿತು. ತಂದೆತಾಯಿಗಳು ಕೇಳಿದ ಮೊದಲ ಪ್ರಶ್ನೆ, ಹಾಗಾದರೆ ಪರ್ಸೆಂಟೇಜ್ ಎಷ್ಟು ಎಂಬುದು. ಗ್ರೇಡಿನ ಸರಾಸರಿಯನ್ನು 9.5ರಿಂದ ಗುಣಿಸಿಕೊಳ್ಳಿರೆಂದು ಮಂಡಳಿಯೇ ಸೂತ್ರವನ್ನು ಹೇಳಿಕೊಟ್ಟಿತು. ಅಲ್ಲಿಗೆ ಸುಧಾರಣೆಯ ಪ್ರಾಣ ಹೋಯಿತು. 2018ರಿಂದ ಅಂಕಗಳ ಬೋರ್ಡ್ ಪರೀಕ್ಷೆ ಎಲ್ಲರಿಗೂ ಕಡ್ಡಾಯವಾಗಿ ಮರಳಿ ಬಂದಿದೆ.

ಗುಣಾಕಾರದಿಂದ ಅಂಕವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಬಹುದೆಂಬ ಭ್ರಾಂತಿ ನಮ್ಮದೊಂದೇ ಅಲ್ಲ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಹೆಚ್ಚಿನ ವ್ಯಾಸಂಗಕ್ಕೆಂದು ಜರ್ಮನಿಗೆ ಅರ್ಜಿ ಹಾಕುವ ತರುಣ ತರುಣಿಯರೆಲ್ಲ ಬಲ್ಲ ಬವೇರಿಯದ ಸೂತ್ರವೆಂಬುದೊಂದುಂಟು. ಗರಿಷ್ಠ ಅಂಕದಿಂದ ಪಡೆದ ಅಂಕವನ್ನು ಕಳೆದು, ಅದನ್ನು ಗರಿಷ್ಠಕ್ಕೂ ಪಾಸಿನ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿದರೆ ಜರ್ಮನಿಯ ಅಂಕ ಬರುತ್ತದೆ. ಅಲ್ಲಿ ಸಂಖ್ಯೆ ಕಿರಿದಾದಷ್ಟೂ ಮೇಲು. ನೂರಕ್ಕೆ 60 ಪಡೆದ ಇಬ್ಬರಲ್ಲಿ, ಪಾಸಿಗೆ 35 ಸಾಕೆನ್ನುವ ವಿಶ್ವವಿದ್ಯಾನಿಲಯದವನಿಗೆ ಈ ಸೂತ್ರದಿಂದ 2.85, ಪಾಸಿಗೆ 50 ಬೇಕೆನ್ನುವ ಕಡೆ ಓದಿದವನಿಗೆ 3.4 ದೊರೆಯುತ್ತದೆ. ಗೆರೆಯನ್ನು ಕೆಳಗೆ ಎಳೆದವರ ಶಿಷ್ಯನಿಗೆ ಮೇಲಿನ ಅಂಕ! ಸೂತ್ರದಲ್ಲಿ ತರ್ಕ ಇಲ್ಲದಿಲ್ಲ, ಪಾಸಿನ ಗೆರೆಯಿಂದ ಅವನು ಹೆಚ್ಚು ಎತ್ತರದಲ್ಲಿದ್ದಾನೆ. ಆದರೆ ಆ ಪಾಸು ಎಷ್ಟು ಕಷ್ಟದ್ದೆಂಬುದನ್ನು ಸೂತ್ರವು ಕೇಳುವುದೇ ಇಲ್ಲ.

ಯೂರೋಪಿನವರು ತಮ್ಮೊಳಗಿನ ವಿದ್ಯಾರ್ಥಿವಿನಿಮಯಕ್ಕಾಗಿ 1989ರಲ್ಲಿ ಒಂದು ಏರ್ಪಾಡನ್ನು ಆರಂಭಿಸಿ, ಉತ್ತೀರ್ಣರಾದವರಲ್ಲಿ ಮೇಲಿನ ಶೇಕಡ 10 ಮಂದಿ ಎ, ಮುಂದಿನ 25 ಬಿ, ಮುಂದಿನ 30 ಸಿ ಎಂಬಂತೆ ಹಂಚುವ ಪ್ರಯತ್ನವನ್ನು ಮಾಡಿದರು; ಅದೂ ಎಲ್ಲೆಡೆ ಹಿಡಿಯಲಿಲ್ಲ. ಕಡೆಗೆ 2009ರಲ್ಲಿ ಅವರು ಬಂದು ನಿಂತ ಸ್ಥಳ ಅತಿ ಸರಳವಾದುದು: ಅಂಕವನ್ನು ಮತ್ತೊಂದು ಅಂಕವಾಗಿ ಮಾರ್ಪಡಿಸುವುದನ್ನು ಬಿಟ್ಟು, ನಮ್ಮ ಸಂಸ್ಥೆಯಲ್ಲಿ ಯಾವ ಅಂಕವನ್ನು ಶೇಕಡ ಎಷ್ಟು ಮಂದಿ ಪಡೆಯುತ್ತಾರೆಂಬ ಪಟ್ಟಿಯನ್ನು ಪ್ರಮಾಣಪತ್ರದೊಡನೆ ಲಗತ್ತಿಸುವುದು. ಸಾಲಿನಲ್ಲಿ ನಿಲ್ಲಿಸುವುದಕ್ಕೆಂದೇ ಹುಟ್ಟಿದ ಅಂಕಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ವ್ಯಾಖ್ಯಾನ ದೊರೆಯಲಾರದು. ನಮ್ಮ ಪರೀಕ್ಷಾಮಂಡಳಿಯೂ ವಿಶ್ವವಿದ್ಯಾನಿಲಯಗಳೂ ಪ್ರತಿಯೊಂದು ಅಂಕಪಟ್ಟಿಯ ಕೆಳಗೆ ಅಂಥ ನಾಲ್ಕು ಸಾಲುಗಳ ಕೋಷ್ಟಕವೊಂದನ್ನು ಮುದ್ರಿಸಬೇಕು. ಅದಕ್ಕೆ ಬೇಕಾದ ಅಂಕಿಗಳು ಪ್ರತಿವರ್ಷದ ಫಲಿತಾಂಶದಿಂದ ಅವರ ಕೈಯಲ್ಲಿಯೇ ಇರುತ್ತವೆ. ತಗಲುವ ಖರ್ಚು ಶಾಯಿಯದು ಮಾತ್ರ.